ಚನ್ನಯ್ಯನ ಜಗಲಿಗೆ ಕಾಣದ ಬೆಳ್ಳಕ್ಕಿ

ತ್ಯಾಗಲಿ ಊರಿನ ಕೆರಿಯನ ಅಜ್ಜ ತಿಮ್ಮ, ಮುಂಡಿಗೆ ಮುಳ್ಳು ಬೆಳೆದ ಕೆಸರುಹೊಂಡವನ್ನು ಕಡಿದು ಗದ್ದೆ ಮಾಡಿದವ. ಅಪ್ಪ ಬೀರ, ಮಳೆಗೆ ಒಡ್ಡು ಕುಸಿದಾಗ ಕಲ್ಲು ಬರುವವರೆಗೂ ಬೆನ್ನು ಕೊಟ್ಟು ನಿಂತವ. ಅಂಥವರ ಕುಡಿ ಕೆರಿಯ ಇವತ್ತಿಗೂ ಕೋಣ ಕಟ್ಟಿಯೇ ಉಳುತ್ತಾನೆ. ಆ ಮನೆಯ ಹೂಟೆ ಯಾವತ್ತೂ ಶುರುವಾಗುವುದು ರಸ್ತೆಬದಿಯ ಮುಂದಿನ ಗದ್ದೆಯಿಂದ. ನೇಗಿಲು ಮಣ್ಣು ಹೊರಳಿಸಿದಂತೆ ಹಿಂದೆಯೇ ಹುಳ ಹೆಕ್ಕುವ ಬೆಳ್ಳಕ್ಕಿಗಳ ಹಿಂಡು.

ಆ ಗದ್ದೆಯ ಎದುರಿಗೇ ನೆರೆಯ ಚನ್ನಯ್ಯ ಹೋಮ್‌ಸ್ಟೇ ತೆರೆದ. ಹಕ್ಕಿ ನೋಡಲು ಹುಬ್ಬಳ್ಳಿ ಕಡೆಯವರು ಕ್ಯಾಮೆರಾ ಹೊತ್ತು ಬರತೊಡಗಿದರು. ಹೋದ ಮಳೆಗಾಲ ಅವರೆದುರು ಚನ್ನಯ್ಯನ ನಾಲಿಗೆ ಉದ್ದವಾಯಿತು.

“ಡೋಡೊ ಅಂತ ಒಂದು ಹಕ್ಕಿ ಇತ್ತು. ಹಾರೂಕೆ ಬರ್ತಿರ್ಲಿಲ್ಲ. ದೊಣ್ಣೆ ಹಿಡ್ದು ಬಂದವರ ಎದುರೂ ಸುಮ್ನೆ ನಿಲ್ತಿತ್ತಂತೆ. ಸಂತಾನವೇ ಹೋಯ್ತು! ನಮ್ಮ ಕೆರಿಯಣ್ಣ, ಅವನಪ್ಪ, ಅಜ್ಜ, ಎಲ್ಲ ಅದೇ ನಮೂನೆ. ಬೆಳ್ಳಕ್ಕಿ ಆಗ್ಬೇಕು ಮಾರಾಯ, ಹುಳ ಕಂಡಲ್ಲಿಗೆ ಹಾರ್ಬೇಕು.”

ಕೆಸರಲ್ಲಿ ನಿಂತಿದ್ದ ಕೆರಿಯ ಕೇಳಿಸಿಕೊಂಡ. ತನ್ನನ್ನಷ್ಟೇ ಅಂದಿದ್ದರೆ ನುಂಗಿಕೊಳ್ಳುತ್ತಿದ್ದ. ಮಣ್ಣಾದವರನ್ನು ಎಳೆದದ್ದು ಎದೆಗೆ ನಾಟಿತು.

ಡೋಡೊ ಕಥೆಯನ್ನು ನಾನೂ ಪುಸ್ತಕ ತಿರುವಿ ಓದಿದವನೇ. ಕೊಂದವರನ್ನು ಅದು ಕ್ಷಮಿಸಿತೆಂದು ಯಾರೂ ಬರೆದಿಲ್ಲ. ತಿರುಗಿಸಿ ಏಟು ಕೊಡಲು ಅದಕ್ಕೆ ಹೊತ್ತು ಸಿಗಲಿಲ್ಲ, ಅಷ್ಟೇ. ಕೆರಿಯನಿಗೆ ಸಿಕ್ಕಿತು.

ಈ ಸಲ ಮಳೆ ಹಿಡಿದದ್ದೇ, ಅವನು ಕೋಣಗಳನ್ನು ಗುಡ್ಡದಾಚೆಯ ಗದ್ದೆಗೆ ಹೊಡೆದುಕೊಂಡು ಹೋದ. ಬೆಳ್ಳಕ್ಕಿಗಳೂ ನೇಗಿಲ ಹಿಂದೆ ಅತ್ತಲೇ ಹೋದವು.

“ಮುಂದಿನ ಗದ್ದೆ ಉಳದೇ ಹಡ್ಲು ಬಿಟ್ರೆ ವರ್ಷವಿಡೀ ಉಣ್ಣೂದು ಎಂತ?” ಎಂದಳು ಹೆಂಡತಿ ಸುಬ್ಬಿ.

“ಗಂಜಿ ತೆಳ್ಳಗಾಗ್ಲಿ. ಅವನ ಜಗಲಿ ಬರಿದಾಗ್ಬೇಕು.”

ಜಗಲಿಯಲ್ಲಿ ಕೂತವರಿಗೆ ಕಂಡದ್ದು ಬರೀ ಹುಲ್ಲು. ಹೋದ ವರ್ಷವೂ ಬಂದಿದ್ದ ಹುಬ್ಬಳ್ಳಿಯವರೊಬ್ಬರು ಚೀಲ ಹೆಗಲಿಗೇರಿಸಿ ನಕ್ಕರು. “ಏನ್ರೀ ಚನ್ನಯ್ಯನವರ, ನಿಮ್ಮ ಬೆಳ್ಳಕ್ಕೀನೂ ಡೋಡೊ ಆದ್ವೇನ್ರೀ?”

ಈ ಮಾತು ಕಿವಿಗೆ ಬಿದ್ದ ದಿನ ಕೆರಿಯ ಎರಡು ಸಲ ಅನ್ನ ಹಾಕಿಸಿಕೊಂಡನಂತೆ.

ಅಷ್ಟರಲ್ಲಿ ಒಂದು ಕೋಣ ಕುಂಟತೊಡಗಿತು. ಚನ್ನಯ್ಯ ಇಳಿದ ಮುಖ ಹೊತ್ತು ಬಂದ.

“ಕೆರಿಯಣ್ಣ, ಕೋಣನ ಕಾಲು ಊದಿದ್ಯಂತೆ. ನನ್ನ ಟಿಲ್ಲರ್ ಕಳಿಸ್ತೆ, ಬಾಡಿಗೆ ಬೇಡ. ಮುಂದಿನ ಗದ್ದೆ ಉತ್ತುಬಿಡುವ. ನಾಟಿ ಹದ ತಪ್ಪೂದು ಬೇಡ.”

ಕೋಣನ ಕಾಲಿಗೆ ಸೊಪ್ಪು ಅರೆದು ಕಟ್ಟುತ್ತಿದ್ದ ಕೆರಿಯ ತಲೆ ಎತ್ತಲಿಲ್ಲ.

“ಬೇಡ ಚನ್ನಯ್ಯ. ನಿನ್ನ ಟಿಲ್ಲರ್ ನಿನ್ನಲ್ಲೇ ಇರ್ಲಿ. ಅದು ನನ್ನಜ್ಜ ಕಡಿದ ಗದ್ದೆ, ಹುಲ್ಲು ಬೆಳೀಲಿ. ನೀ ದಿನಾ ಜಗಲಿ ಮೇಲೆ ಕೂತ್ಕಂಡು ನೋಡು.”