ಐದನೇ ಹಾಡಿಗೆ ಬಂದ ಶಾಲು

ಕುರುಗೋಡಿನ ಕಲ್ಯಾಣ ಮಂಟಪದಲ್ಲಿ ಆ ಸಂಜೆ ವೇದಿಕೆಯ ಮೇಲೆ ಇದ್ದವರು ಮೂರೇ ಜನ. ನಡುವೆ ಗಿಟಾರ್ ಹಿಡಿದ ಕಾಕಾ. ಅವರ ಎಡಕ್ಕೆ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತ ನಮ್ಮೊಂದಿಗೆ ಬೇಸ್ ಗಿಟಾರ್ ನುಡಿಸುವ ಗೆಳೆಯ. ಹಿಂದೆ ಡ್ರಮ್ಮುಗಳ ನಡುವೆ ನಾನು. ಕೆಳಗೆ ಮೂಲೆಯಲ್ಲಿ ಬಳ್ಳಾರಿಯಿಂದ ಯಂತ್ರ ಹೊತ್ತು ತಂದಿದ್ದ ರೆಕಾರ್ಡಿಂಗ್ ಹೆಣ್ಣುಮಗಳು. ಮುಂದಿನ ಸೋಫಾದಲ್ಲಿ, ನಮಗೆ ಪುಕ್ಕಟೆ ಜಾಗ ಕೊಟ್ಟ ಮಂಟಪದ ಯಜಮಾನರು. ಅವರ ಹಿಂದೆ ಊರವರು, ಬಾದನಹಟ್ಟಿಯಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರು.

ಕಾಕಾ ನನ್ನ ರಕ್ತಸಂಬಂಧಿಯಲ್ಲ. ಬಳ್ಳಾರಿಯಲ್ಲಿ ರಾಕ್ ಎಂದರೆ ಏನೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಕೂದಲು ಬಿಟ್ಟು, ಗಿಟಾರ್ ಬಾರಿಸಿ, ಓಣಿಯವರಿಂದ ಬೈಸಿಕೊಂಡ ಮನುಷ್ಯ. ಜೀವಮಾನವೆಲ್ಲ ನುಡಿಸಿದರೂ ಒಂದು ಆಲ್ಬಮ್ ಬಂದಿರಲಿಲ್ಲ. ಈಗ ಎಡಗೈಯ ಉಂಗುರದ ಬೆರಳು ಮಡಚಿದರೆ ಬಿಡಿಸಿಕೊಳ್ಳುತ್ತಿರಲಿಲ್ಲ. ಮರುವಾರ ಆಪರೇಷನ್. ಆಮೇಲೆ ಮೊದಲಿನ ಹಾಗೆ ಓಡುವುದೋ ಇಲ್ಲವೋ, ಡಾಕ್ಟರೂ ಹೇಳಿರಲಿಲ್ಲ. ಅದಕ್ಕೇ, ಅಷ್ಟರೊಳಗೆ ಆಲ್ಬಮ್ಮಿಗೆ ಈ ರೆಕಾರ್ಡಿಂಗ್.

"ರೂಮಿನಾಗ ಕುಂತು ಮಾಡೋಣೇನ್ರಿ, ಸುಲಭ ಆಕ್ಕೈತಿ" ಎಂದು ಆ ಹೆಣ್ಣುಮಗಳು ಮೊದಲೇ ಕೇಳಿದ್ದಳು.

"ಮಂದಿ ಇಲ್ದ ಹಾಡೋದಂದ್ರ ಖಾಲಿ ಪಂಕ್ತಿಗೆ ಬಡಿಸಿದಂಗವ್ವಾ. ಮಂದಿ ಮುಂದಽ ಆಗ್ಬೇಕು" ಎಂದಿದ್ದರು ಕಾಕಾ.

ಐದನೇ ಹಾಡಿಗಾಗಿಯೇ ಈ ಎಲ್ಲ ಏರ್ಪಾಟು. ಕಾಲುವೆಗೆ ನೀರು ಬಿಟ್ಟ ದಿನದ ಮೇಲೆ ಕಾಕಾ ಕಟ್ಟಿದ ಹಾಡು. ಕೊನೆಯಲ್ಲಿ ಗಿಟಾರ್ ಒಂದೇ ಉಸಿರಿನಲ್ಲಿ ಏರುತ್ತ ಹೋಗುತ್ತದೆ. ಆ ಬೆರಳಿಗೆ ದಿನಕ್ಕೆ ಒಂದೇ ಸಲ ಅದನ್ನು ಏರುವ ಶಕ್ತಿ ಉಳಿದಿತ್ತು.

ಸನ್ಮಾನದ ಭಯ ನನಗೆ ಇದ್ದೇ ಇತ್ತು. ನಮ್ಮ ಕಡೆ ಕಲಾವಿದನನ್ನು ಬರಿಗೈಲಿ ಕಳಿಸುವುದಿಲ್ಲ. ಹಾಡು ನಡೆದಿರಲಿ, ಊಟ ನಡೆದಿರಲಿ, ಶಾಲು ಬಂದೇ ಬರುತ್ತದೆ. ಹಾಗಾಗಿ ಯಜಮಾನರ ಮನೆಗೆ ಎರಡು ಸಲ ಹೋಗಿ, ಸನ್ಮಾನ ಹಾಡೆಲ್ಲ ಮುಗಿದ ಮೇಲಿರಲಿ ಎಂದು ಕೈ ಮುಗಿದು ಹೇಳಿ ಬಂದಿದ್ದೆ. "ಆತು ಬಿಡ್ರಿ, ಕಡೀಗೇ ಮಾಡೋಣು" ಎಂದು ಚಹಾ ಕುಡಿಸಿ ಕಳಿಸಿದ್ದರು.

ಐದನೇ ಹಾಡು ಬಂತು. ಗಿಟಾರ್ ಏರತೊಡಗಿತು. ಜನ ಗಪ್ಪಾದರು. ಅಷ್ಟರಲ್ಲಿ ಯಜಮಾನರು ಎದ್ದು, ಶಾಲು ಹಾರ ಹಿಡಿದು, ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಕಾಕಾ ಕಣ್ಣು ಮುಚ್ಚಿದ್ದವರು ತೆರೆದರು. ನನ್ನ ಕಡೆ ತಿರುಗಿ, ನಿಲ್ಲಿಸಬೇಡ ಎಂದು ತಲೆ ಅಲ್ಲಾಡಿಸಿದರು. ನಾನು ನೋಡಿದೆ. ನೋಡಿಯೂ ಕಡ್ಡಿ ಕೆಳಗಿಟ್ಟು ಎದ್ದು ನಿಂತೆ.

ಹಿರಿಯರು ಎದುರು ಬಂದರೆ ಕುಂತಿರಬಾರದು ಎಂದು ನನ್ನ ಅಜ್ಜ ಬೆನ್ನಿಗೆ ಗುದ್ದಿ ಕಲಿಸಿದ್ದ. ಆ ವಿದ್ಯೆ ಕೈಗಿಂತ ಮೊದಲು ಕಾಲಿಗೆ ಹತ್ತಿತ್ತು. ನಾನು ಎದ್ದದ್ದು ನೋಡಿ ಗೆಳೆಯನೂ ನುಡಿಸುವುದನ್ನು ಬಿಟ್ಟ. ಕಾಕಾ ಒಬ್ಬರೇ ಸ್ವಲ್ಪ ದೂರ ನುಡಿಸುತ್ತ ಹೋದರು. ಶಾಲು ತಂತಿಯ ಮೇಲೆ ಬಿತ್ತು.

ಯಜಮಾನರು ಮೈಕಿಗೆ ಬಾಯಿ ಕೊಟ್ಟು, "ಸಿರುಗುಪ್ಪದಾಗ ಒಂದು ಮದುವಿ ಐತ್ರಿ, ನಾನು ಹೋಗಾಕಬೇಕು. ಇಂಥಾ ದೊಡ್ಡವ್ರಿಗೆ ಮರ್ಯಾದಿ ಮಾಡ್ದ ಹೋದ್ರ ನನಗ ಚಂದ ಕಾಣ್ತೈತೇನು? ಎಲ್ಲಾರೂ ಜೋರಾಗಿ ಚಪ್ಪಾಳಿ ತಟ್ರಿ!" ಎಂದರು.

"ಲೇ, ಆ ಡ್ರಮ್ಮಿನವ ಪಾಪ ಎದ್ದು ನಿಂತಾನ, ಅವಗೂ ಒಂದು ಹಾಕ್ರಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ನನಗೂ ಹಾಕಿದರು. ಸಿಟ್ಟಿಗೆ ಕಿವಿ ಕಾದಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಅವರು ಹೋದ ಮೇಲೆ ಕಾಕಾ ಮತ್ತೆ ಶುರು ಮಾಡಿದರು. ಅರ್ಧಕ್ಕೆ ಬೆರಳು ಹಿಡಿದುಕೊಂಡಿತು. "ಇರ್ಲಿ, ಮುಂದಿಂದು ಹಾಡೂಣು" ಎಂದರು. ಉಳಿದ ಮೂರು ಹಾಡನ್ನು ನಾನು ಹೇಗೆ ಬಾರಿಸಿದೆನೋ!

ಮರುದಿನ ಬಳ್ಳಾರಿಯಲ್ಲಿ ಕೂತು ಆ ರೆಕಾರ್ಡಿಂಗ್ ಕೇಳಿದೆವು. ಗಿಟಾರ್ ಏರುತ್ತದೆ, ಡ್ರಮ್ ನಿಲ್ಲುತ್ತದೆ, ನನ್ನ ಸ್ಟೂಲು ಸರಿದ ಸದ್ದು ಕೂಡ ಚೆನ್ನಾಗಿ ಕೇಳುತ್ತದೆ. ಆಪರೇಷನ್ನಿಗೆ ಮೊದಲು ಮಂಟಪ, ಮಂದಿ ಮತ್ತೆ ಕೂಡುವ ಹಾಗಿರಲಿಲ್ಲ. ಹಳೇ ಪ್ರಾಕ್ಟೀಸಿನದೊಂದು ತುಂಡು ಫೋನಿನಲ್ಲಿದೆ, ಅದನ್ನೇ ಜೋಡಿಸೋಣ ಎಂದೆ.

"ಮಂದಿ ಮುಂದ ನುಡಿಸಿದ್ದು ಅಂತ ಹೇಳಿ, ಮಂದಿಗೇ ಸುಳ್ಳು ಕೇಳಿಸೋದೇನೋ?" ಎಂದರು ಕಾಕಾ. "ತಲಿ ಅಲ್ಲಾಡಿಸಿದ್ನಲ್ಲೋ ನಾನು" ಎಂದದ್ದು ಬಿಟ್ಟರೆ ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆಪರೇಷನ್ ಆಯಿತು. ಬೆರಳಿನ ನೋವು ಹೋಯಿತು, ಓಟವೂ ಹೋಯಿತು. ಆಲ್ಬಮ್ ಏಳು ಹಾಡಿನದಾಗಿ ಬಂತು.

ಒಂದು ದಿನ ಯಜಮಾನರ ಫೋನ್ ಬಂತು. "ಕಾರಿನಾಗ ಕೇಳಿದೆ, ಭಾಳ ಚಲೋ ಬಂದೈತ್ರಿ. ನಾನು ಸನ್ಮಾನ ಮಾಡಿದ ಹಾಡೊಂದು ಇಲ್ಲಲ್ಲ, ಯಾಕ?"

ಹೇಳಬೇಕೆಂದು ಬಾಯಿ ತೆರೆದೆ. "ಅದು... ಸರಿ ಬರ್ಲಿಲ್ರಿ" ಎಂದೆ.

"ಮೈಕು ಕೈಕೊಡ್ತೇನು?"

"ಹೌದ್ರಿ, ಮೈಕು."

ಮುಂದಿನ ವಾರವೇ ಅವರು ಮಂಟಪಕ್ಕೆ ಹೊಸ ಮೈಕು ಹಾಕಿಸಿದರು.