ಚಂದ್ರಿಕೆಗೆ ಹತ್ತದ ಹುಳು

ಅತ್ತೆ ತೀರಿಕೊಂಡ ಹಿಂದಿನ ದಿನವೂ ಉಳಿದ ದಿನಗಳ ಹಾಗೆಯೇ ಇತ್ತು. ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಅಂಗಳದ ನಂದಿಬಟ್ಟಲು ಗಿಡದಲ್ಲಿ ಬೆರಳುದ್ದದ ಹಸಿರು ಹುಳುವೊಂದು ವಾರದಿಂದ ಎಲೆ ಮೇಯುತ್ತಿತ್ತು. ಬಾಲದ ಕಡೆ ಹಳದಿ ಕೊಂಬು, ಕತ್ತಿನ ಹತ್ತಿರ ಕಣ್ಣಿನಂಥ ಎರಡು ನೀಲಿ ಮಚ್ಚೆ. ಆ ದಿನ ಅದು ಕಂದು ಬಣ್ಣಕ್ಕೆ ತಿರುಗಿ, ನೆಲಕ್ಕಿಳಿದು ಅಲೆಯುತ್ತಿತ್ತು.

"ಹಣ್ಣಾಗೈತೆ ಕಣಮ್ಮಿ, ಚಂದ್ರಿಕೆ ತತ್ತಾ" ಎಂದರು ಅತ್ತೆ. ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ಹಣ್ಣಾಯಿತು ಎನ್ನುತ್ತೇವೆ. ಅದನ್ನು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ.

"ಇದೇನ್ ರೇಷ್ಮೆ ಹುಳನಾ ಅತ್ತೆ?"

"ಹುಳ ಅಂದ್ಮೇಲೆ ಗೂಡು ಕಟ್ಟಲ್ವಾ? ಒಸಿ ಸುಮ್ನಿರು. ನಲವತ್ತು ವರ್ಷ ಹುಳ ಸಾಕಿವ್ನಿ, ಒಂದೂ ಚಿಟ್ಟೆ ಆಗೋದ ನೋಡಿಲ್ಲ. ಇದನ್ನಾದ್ರೂ ನೋಡೇ ಬುಡ್ತೀನಿ."

ಅದು ನಿಜ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ನೂಲು ಹಾಳು. ಅದಕ್ಕೆ ಮೊದಲೇ ನಮ್ಮ ಗೂಡುಗಳೆಲ್ಲ ರಾಮನಗರದ ಮಾರುಕಟ್ಟೆಗೆ ಹೋಗಿಬಿಡುತ್ತವೆ.

ಹುಳು ಚಂದ್ರಿಕೆಯಿಂದ ಮೂರು ಸಲ ಬಿತ್ತು. "ನಿನ್ ಥರಾನೇ, ಹೇಳಿದ್ ಮಾತು ಕೇಳಲ್ಲ" ಎಂದು ಅತ್ತೆ ನಕ್ಕರು. ಕೊನೆಗೆ ಅದು ಗಿಡದ ಬುಡದ ತರಗೆಲೆಯೊಳಗೆ ನುಸುಳಿತು. ಮಣ್ಣು, ಎಲೆ ಸಮೇತ ಅದನ್ನು ಹಳೆಯ ಮಡಕೆಗೆ ಹಾಕಿ, ಬಾಯಿಗೆ ನೈಲಾನ್ ಪರದೆ ಕಟ್ಟಿಟ್ಟರು.

ಮರುದಿನ ಬೆಳಗ್ಗೆ ಸೊಪ್ಪು ಕುಯ್ಯಲು ಹೋದವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತರು. ಕನಕಪುರದ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು.

ತಿಥಿ ಮುಗಿಯುವವರೆಗೂ ನನಗೆ ಮಡಕೆ ನೆನಪಾಗಲಿಲ್ಲ. ಆಮೇಲೆ ತರಗೆಲೆ ಸರಿಸಿ ನೋಡಿದೆ. ಕಂದು ಬಣ್ಣದ ಕೋಶ, ಪಕ್ಕೆಯುದ್ದಕ್ಕೂ ಕರಿಚುಕ್ಕೆ. ಮುಟ್ಟಿದಾಗ ಮೆಲ್ಲಗೆ ಹೊರಳಿತು. ಇದೂ ಸತ್ತರೆ ಏನು ಮಾಡಲಿ ಎಂಬ ಹೆದರಿಕೆಯಲ್ಲಿ ದಿನಾ ನೀರು ಚಿಮುಕಿಸಿದೆ.

ಒಂದು ಬೆಳಗ್ಗೆ ಪರದೆಗೆ ಪತಂಗ ಜೋತುಬಿದ್ದಿತ್ತು. ಮುದುಡಿದ ರೆಕ್ಕೆ ನೋಡನೋಡುತ್ತ ಬಿಚ್ಚಿಕೊಂಡಿತು. ಹಸಿರಿನಲ್ಲೇ ನಾಲ್ಕಾರು ಬಗೆ, ನಡುವೆ ನಸುಗೆಂಪು, ಬಿಳಿ ಗೆರೆ. "ಅತ್ತೆ, ಬನ್ನಿ" ಎಂದು ಕೂಗಿಬಿಟ್ಟೆ. ಒಳಗಿನಿಂದ ನನ್ನ ಗಂಡ ಬಂದರು. ಬಹಳ ಹೊತ್ತು ನೋಡಿ, "ಅವ್ವ ಹಿಡಿದಿಟ್ಟಿದ್ದು ಇದೇನಾ?" ಎಂದರು.

ಮುಸ್ಸಂಜೆಗೆ ಪರದೆ ಬಿಚ್ಚಿದೆವು. ಅದು ರೆಕ್ಕೆ ಅದುರಿಸಿ ಬೇಲಿಯಾಚೆ ಹಾರಿಹೋಯಿತು.

ಈ ವಾರ ಗಿಡದ ಚಿಗುರಿನ ಮೇಲೆ ಸಾಸಿವೆ ಗಾತ್ರದ ತಿಳಿಹಸಿರು ಮೊಟ್ಟೆಗಳಿವೆ. ತೋರಿಸೋಣವೆಂದರೆ ಅತ್ತೆ ಇಲ್ಲ.