ದ್ವಾರಪಾಲಕರ ಭಾರ

ರಿಟೈರ್ ಆದ ಮೇಲೆ ಆರು ತಿಂಗಳು ಅಕ್ಕ ಸರಿಯಾಗಿ ಮಾತೇ ಆಡಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು. ನಾನು ಹೆಬ್ಬಾಳದ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡಿ ಮನೆಗೆ ಬಂದರೆ, ಬೆಳಿಗ್ಗೆ ಎಲ್ಲಿ ಕೂತಿದ್ದಳೋ ಅಲ್ಲೇ ಕೂತಿರುತ್ತಿದ್ದಳು. ಮಾಡಿಟ್ಟ ಅನ್ನ ಮುಚ್ಚಿದ ಹಾಗೇ ಇರುತ್ತಿತ್ತು. ನಾವಿಬ್ಬರೂ ಮದುವೆಯಾದವರಲ್ಲ. ಆರ್.ಟಿ. ನಗರದ ಆ ಹಳೇ ಮನೆಯ ಮೊದಲ ಮಹಡಿಯಲ್ಲಿ ಬಹಳ ವರ್ಷಗಳಿಂದ ಬಾಡಿಗೆಗಿದ್ದೆವು. ಕೆಳಗೆ ಮನೆಯ ಒಡತಿ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಗೊರಗುಂಟೆಪಾಳ್ಯಕ್ಕೆ ಹೋಗಿದ್ದಳು. ಬೀದಿಯವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು.

ಒಂದು ಭಾನುವಾರ ಹುಣಸಮಾರನಹಳ್ಳಿಯಲ್ಲಿ ಗೃಹಪ್ರವೇಶದ ಊಟ ಮುಗಿಸಿ ಬರುವಾಗ ಅಕ್ಕ ಇದ್ದಕ್ಕಿದ್ದಂತೆ ಆಟೋ ನಿಲ್ಲಿಸಿದಳು. ರಸ್ತೆ ಪಕ್ಕ ಒಬ್ಬ ಶಿಲ್ಪಿಯ ತಗಡಿನ ಶೆಡ್ಡು. ಅಲ್ಲಿದ್ದ ಕಲ್ಲಿನ ಎಮ್ಮೆಕರುವಿನ ಬೆನ್ನ ಮೇಲೆ ಅರ್ಧ ಗಂಟೆ ಕೈಯಾಡಿಸುತ್ತ ನಿಂತಳು. ಆ ಕರು ನಮ್ಮ ಕಾಲ ಬುಡದಲ್ಲೇ ಕೂತು ಮನೆಗೆ ಬಂತು. ಅವತ್ತು ಅಕ್ಕ ಎರಡು ಸಲ ಸಾರು ಹಾಕಿಸಿಕೊಂಡಳು.

ಆಮೇಲೆ ಆಮೆ ಬಂತು. ಮದ್ದಳೆಯವನು ಬಂದ. ಸೊಂಡಿಲೆತ್ತಿದ ಜೋಡಿ ಆನೆ ಬಂದವು. ಅಕ್ಕ ಗೋಡೆಗೆ ತಾನೇ ಕಾವಿ ಬಣ್ಣ ಹಚ್ಚಿದಳು. ಬೆಳಕು ಎದುರಿಂದ ಬಿದ್ದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ ಅಂತ ದೀಪಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಸೋಫಾ ಕೊಟ್ಟುಬಿಟ್ಟೆವು. "ಕಲ್ಲಿಗೆ ಜಾಗ ಬಿಟ್ಟು ನಾವು ಸರಕೋಬೇಕು ಕಣೇ," ಅನ್ನುತ್ತಿದ್ದಳು. ಅಕ್ಕಪಕ್ಕದವರು ನೋಡಲು ಬರತೊಡಗಿದರು. ಬಂದವರಿಗೆಲ್ಲ ಕಾಫಿ ಕೊಡುತ್ತ ಅವಳು ಮಾತಾಡುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ದ್ವಾರಪಾಲಕರು ಬಂದದ್ದು ಮಾರ್ಚಿನಲ್ಲಿ. ಯಾವುದೋ ದೇವಸ್ಥಾನಕ್ಕೆಂದು ಕಡೆದ ಕಪ್ಪುಕಲ್ಲಿನ ಜೋಡಿ, ನನ್ನ ಭುಜದಷ್ಟು ಎತ್ತರ. ಒಬ್ಬನ ಬೆರಳು ಮುರಿದಿದ್ದರಿಂದ ದೇವಸ್ಥಾನದವರು ಬೇಡವೆಂದಿದ್ದರು.

"ಇಂಗೆ ಭಿನ್ನ ಆಗಿರಾದು ಮನೇಲಿ ಇಡಬಾರ್ದು ಕಣಮ್ಮ," ಅಂದ ಶಿಲ್ಪಿ. ಅಕ್ಕ ನಕ್ಕಳು.

ಆರು ಜನ ಹಗ್ಗ, ಬೊಂಬು ಕಟ್ಟಿ ಒಂದೊಂದನ್ನೇ ಮೆಟ್ಟಿಲು ಹತ್ತಿಸಿದರು. ಆಪಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇಷ್ಟು ಭಾರ ಏನಮ್ಮಾ ಅದು? ಹಳೇ ಮನೆ ಇದು, ನಮ್ಮ ಮಾವ ಕಟ್ಸಿದ್ದು."

"ಎರಡು ಗೊಂಬೆ ಆಪಾ, ಅಷ್ಟೇ," ಅಂದಳು ಅಕ್ಕ.

ಹಾಲಿನ ನಟ್ಟನಡುವೆ, ಎದುರುಬದುರಾಗಿ ಅವನ್ನು ನಿಲ್ಲಿಸಿದಳು. ನೋಡಲು ನಿಜಕ್ಕೂ ಚೆನ್ನಾಗಿತ್ತು. ಆದರೆ ವಾರ ಕಳೆಯುವುದರೊಳಗೆ ನೆಲ ಒರೆಸುವಾಗ ನೀರು ಅವುಗಳ ಕಡೆಗೆ ಹರಿದು ನಿಲ್ಲತೊಡಗಿತು. ರೂಮಿನ ಬಾಗಿಲು ನೆಲಕ್ಕೆ ಉಜ್ಜಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. "ತೇವಕ್ಕೆ ಮರ ಉಬ್ಬಿರತ್ತೆ," ಅಂದಳು ಅಕ್ಕ. ಹೌದು ಅಂದೆ. ಆಗ ಬಿರುಬಿಸಿಲು. ಮಳೆ ಬಂದು ತಿಂಗಳುಗಳೇ ಆಗಿದ್ದವು.

ಒಂದು ದಿನ ಕೆಲಸಕ್ಕೆ ಹೊರಟವಳನ್ನು ಆಪಾ ಒಳಗೆ ಕರೆದರು. "ಬಾರಮ್ಮ, ಒಂದು ನಿಮಿಷ. ದಿನಾ ಹಾಸಿಗೆ ಮೇಲೆ ಹಿಟ್ಟು ಉದುರಿದಂಗೆ ಉದುರತ್ತೆ."

ಅವರ ಮಲಗುವ ಕೋಣೆ ಸರಿಯಾಗಿ ನಮ್ಮ ಹಾಲಿನ ಕೆಳಗಿತ್ತು. ಛಾವಣಿಯಲ್ಲಿ ಒಂದು ಬಿರುಕು. ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡಿದ ಕೂಡಲೇ ಮೇಲೆ ಆ ಎರಡು ಕಲ್ಲು ನಿಂತ ಜಾಗ ನನ್ನ ಕಣ್ಣಿಗೆ ಕಟ್ಟಿತು. ಸ್ಟೂಲು ಹತ್ತಿ ಮುಟ್ಟಿದೆ. ಉಗುರು ಒಳಗೆ ಹೋಯಿತು.

"ಸುಣ್ಣ ಹಳೇದಾಗಿದೆ ಆಪಾ. ಪೇಂಟ್ ಮಾಡಿಸಿದ್ರೆ ಸರಿಹೋಗತ್ತೆ," ಅಂದೆ.

"ನೀನು ಓದಿದವಳು, ನಿಂಗೆ ಗೊತ್ತಿರತ್ತೆ," ಅಂದರು. ಮೇಲಿಂದ ಅಕ್ಕ ಗುನುಗುತ್ತ ಕಲ್ಲು ಒರೆಸುವ ಸದ್ದು ಕೇಳುತ್ತಿತ್ತು. ಅವಳನ್ನು ಮತ್ತೆ ಆ ಕುರ್ಚಿಯಲ್ಲಿ ಮಾತಿಲ್ಲದೆ ನೋಡುವ ಧೈರ್ಯ ನನಗಿರಲಿಲ್ಲ.

ಆಪಾ ಟೀ ತರಲು ಹೋದಾಗ ಬ್ಯಾಗಿನಿಂದ ಪೆನ್ಸಿಲ್ ತೆಗೆದು ಬಿರುಕು ನಿಂತ ತುದಿಗೆ ಒಂದು ಸಣ್ಣ ಗೆರೆ ಎಳೆದೆ. ಎರಡು ವಾರ ಬಿಟ್ಟು ನೋಡಿದರೆ ಬಿರುಕು ಗೆರೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಮತ್ತೊಂದು ಗೆರೆ ಎಳೆದೆ. ಅದನ್ನೂ ದಾಟಿತು. ಮೂರನೆಯದನ್ನು ಎಳೆದೆ. ನಾಳೆ ಹೇಳೋಣ, ಈ ಭಾನುವಾರ ಹೇಳೋಣ ಅಂದುಕೊಳ್ಳುತ್ತಲೇ ಇದ್ದೆ.

ಅಷ್ಟರಲ್ಲಿ ಆಪಾನ ಮಗಳು ಬಾಣಂತನಕ್ಕೆ ಬಂದಳು. ಇಪ್ಪತ್ತು ದಿನದ ಹೆಣ್ಣುಕೂಸು. ನೋಡಲು ಹೋದಾಗ ತೊಟ್ಟಿಲನ್ನು ಅದೇ ಕೋಣೆಯಲ್ಲಿ, ಮಂಚದ ಪಕ್ಕ ಇಟ್ಟಿದ್ದರು.

"ತೊಟ್ಟಿಲು ಮುಂದಿನ ರೂಮಲ್ಲಿ ಇಡಿ ಆಪಾ, ಗಾಳಿ ಬರತ್ತೆ," ಅಂದೆ.

"ಅಲ್ಲಿ ರೋಡಿನ ಧೂಳಮ್ಮ," ಅಂದರು.

ಕಾರಣ ಹೇಳಲು ಬಾಯಿ ತೆರೆದೆ. ಕೂಸು ಅತ್ತಿತು, ಅವರು ಅತ್ತ ತಿರುಗಿದರು. ನಾನು ಮೇಲೆ ಬಂದೆ.

ನಾಲ್ಕನೇ ದಿನ ನನಗೆ ವಾರದ ರಜೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೆಳಗೆ ಸಿಮೆಂಟ್ ಮೂಟೆ ಎತ್ತಿಹಾಕಿದಂಥ ಸದ್ದು. ಆಮೇಲೆ ಏನೂ ಇಲ್ಲ. ಯಾರೂ ಕಿರುಚಲಿಲ್ಲ. ಚಪ್ಪಲಿಯನ್ನೂ ಹಾಕದೆ ಮೆಟ್ಟಿಲು ಇಳಿದೆ.

ಕೋಣೆಯ ಬಾಗಿಲಲ್ಲಿ ಮಗಳು ಟವೆಲು ಹಿಡಿದು ನಿಂತಿದ್ದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಚಾಪೆಯಷ್ಟಗಲದ ಗಾರೆ ಕಳಚಿ ಬಿದ್ದು ಮೇಲೆ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿದ್ದವು. ತೊಟ್ಟಿಲಿನ ಒಂದು ಕಾಲು ಮುರಿದಿತ್ತು. ಅದರ ತುಂಬ ಇಟ್ಟಿಗೆಯಷ್ಟು ದಪ್ಪದ ಚೂರುಗಳು.

"ಕೂಸು?" ಅಂದೆ.

ಆಪಾ ಹಿತ್ತಲಿಂದ ಓಡಿಬಂದರು. ಎಣ್ಣೆ ಹಚ್ಚಿ ಬಿಸಿಲು ಕಾಯಿಸಲು ಆಗಷ್ಟೇ ಕೂಸನ್ನು ಹೊರಗೆ ಒಯ್ದಿದ್ದರಂತೆ. ಟವೆಲು ಮರೆತಿದ್ದರಿಂದ ಮಗಳು ಒಳಗೆ ಬಂದಿದ್ದಳು. ಎಣ್ಣೆಯಲ್ಲಿ ಮಿರುಗುತ್ತಿದ್ದ ಕೂಸು ಅಜ್ಜಿಯ ಎದೆಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ಆಪಾನ ತಮ್ಮ ಇಂಜಿನಿಯರೊಬ್ಬರನ್ನು ಕರೆತಂದರು. ಇಂಜಿನಿಯರು ಮೇಲೆ ಬಂದು ದ್ವಾರಪಾಲಕರನ್ನು ನೋಡಿದವರು ಹೊಸಿಲು ದಾಟಲೇ ಇಲ್ಲ. "ಗೋಡೆ ಪಕ್ಕ ನಡ್ಕೊಂಡು ಇಬ್ರೂ ಹೊರಗೆ ಬನ್ನಿ," ಅಂದರು. ಕೆಳಗೆ ಸುಣ್ಣ ಉದುರಿದೆ ಅಂತಷ್ಟೇ ನನ್ನಿಂದ ಕೇಳಿದ್ದ ಅಕ್ಕ ಗೋಡೆ ಹಿಡಿದು ಹೊರಗೆ ಬಂದಳು. ಕೆಳಗೆ ಹೋಗಿ ತೊಟ್ಟಿಲು ನೋಡಿ ಬಂದು, ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತಳು. ಮುರಿದ ಬೆರಳಿನ ದೋಷ ಅಂತ ಬೀದಿಯಲ್ಲಿ ಮಾತಾಯಿತು.

ಕಲ್ಲುಗಳನ್ನೆಲ್ಲ ಇಳಿಸಿದ ಮಾರನೆಯ ದಿನ ಆಪಾ ನನ್ನೊಬ್ಬಳನ್ನೇ ಕರೆದರು. ಬೀಳದೆ ಉಳಿದ ಗಾರೆಯ ಅಂಚಿನ ಕಡೆ ಬೆರಳು ತೋರಿಸಿದರು. ಅಲ್ಲಿ ನನ್ನ ಮೂರನೆಯ ಗೆರೆ ಹಾಗೇ ಇತ್ತು.

"ಈ ಗುರುತು ಯಾರು ಹಾಕಿದ್ದು?"

"ನಾನೇ ಆಪಾ."

"ಯಾವಾಗ?"

"ಮೊದಲನೇದು ಹಾಕಿ ತಿಂಗಳ ಮೇಲಾಯ್ತು."

ಬೈಯುತ್ತಾರೆ ಅಂದುಕೊಂಡೆ. ಅವರು ಸ್ಟೂಲು ಎಳೆದು, ಮೊಣಕಾಲು ಹಿಡಿದುಕೊಂಡು ಹತ್ತಿ, ಸೆರಗಿನ ತುದಿಯಿಂದ ಆ ಗೆರೆಯನ್ನು ಒರೆಸಿಹಾಕಿದರು. "ನನ್ ಮಗಳಿಗೆ ಇದು ಗೊತ್ತಾಗೋದು ಬೇಡ. ಅವಳು ತಡ್ಕೊಳಲ್ಲ," ಅಂದರು. ಕೆಳಗಿಳಿದು, ನನ್ನ ಮುಖ ನೋಡದೆ, "ನೀವು ಮನೆ ಬಿಡಿ," ಅಂದರು.

ಈಗ ಯಲಹಂಕದಲ್ಲಿ ನೆಲಮಹಡಿಯ ಪುಟ್ಟ ಮನೆಯಲ್ಲಿದ್ದೇವೆ. ಶಿಲ್ಪಗಳೆಲ್ಲ ಹಿಂದಿನ ಮಣ್ಣಿನ ಜಾಗದಲ್ಲಿ ನಿಂತಿವೆ. ಅಕ್ಕ ಮತ್ತೆ ಮಾತು ಬಿಡುತ್ತಾಳೇನೋ ಅಂತ ಹೆದರಿದ್ದೆ. ಬಿಡಲಿಲ್ಲ. ಆ ಕೂಸಿನ ಬಗ್ಗೆಯೇ ಮತ್ತೆ ಮತ್ತೆ ಮಾತಾಡುತ್ತಾಳೆ.

ಮೊನ್ನೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅಂದಳು: "ಒಂದೇ ಒಂದು ಮಾತು ಯಾರಾದ್ರೂ ಹೇಳಿದ್ದಿದ್ರೆ ಅವತ್ತೇ ಇಳಿಸ್ತಿದ್ದೆ ಕಣೇ. ನಂಗೇನು ಕಲ್ಲು ಹೆಚ್ಚಾ?"

ಅವಳು ನನ್ನನ್ನೇ ನೋಡುತ್ತಿದ್ದಳು, ಉತ್ತರಕ್ಕೆ ಕಾಯುವವಳ ಹಾಗೆ. ಆ ಗೆರೆಗಳ ಬಗ್ಗೆ ಆಪಾ ಅವಳಿಗೆ ಏನಾದರೂ ಹೇಳಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಹೂಂ," ಅಂದೆ.